ಕೋರ್ಟ್ ಆರ್ಡರ್ ಮಾತ್ರೆ ನುಂಗಿಸುವುದಿಲ್ಲ

"ಡಾಕ್ಟ್ರೇ, ಕೋರ್ಟಿಂದ ಒಂದು ಆರ್ಡರ್ ಮಾಡಿಸಿಬಿಡೋಣ. ಆಮೇಲೆ ಅವನು ಹೇಗೆ ಮಾತ್ರೆ ತಗೊಳ್ಳಲ್ಲ, ನಾನೂ ನೋಡ್ತೀನಿ."

ಮಾನಸಿಕ ಕಾಯಿಲೆಯವರನ್ನು ನೋಡುವ ನನ್ನ ಓಪಿಡಿಯಲ್ಲಿ ಈ ಮಾತು ಕೇಳದೆ ತಿಂಗಳು ಮುಗಿಯುವುದಿಲ್ಲ. ಹೇಳುವವರು ಕಾಯಿಲೆಯವರ ಮನೆಯವರು. ಕೆಟ್ಟವರಲ್ಲ, ವರ್ಷಗಟ್ಟಲೆ ನಿದ್ದೆಗೆಟ್ಟವರು. ಆದರೂ ಹೇಳಿ ಹೇಳಿ ನನಗೆ ಸಾಕಾಗಿದೆ.

ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ "ಮನೆಯಲ್ಲೇ ಇರು, ಆದರೆ ಕಡ್ಡಾಯವಾಗಿ ಔಷಧಿ ತಗೋ" ಅನ್ನುವಂಥ ಆದೇಶಕ್ಕೆ ಜಾಗ ಇಲ್ಲ. 102ನೇ ಸೆಕ್ಷನ್ನಿನಲ್ಲಿ ಮ್ಯಾಜಿಸ್ಟ್ರೇಟರು ಕಾಯಿಲೆಯವರನ್ನು ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಕಳಿಸಬಹುದು. ಇಲ್ಲವೇ ತಪಾಸಣೆಗೆ ಅಂತ ಹೆಚ್ಚೆಂದರೆ 10 ದಿನ ದಾಖಲಿಸಿಕೊಳ್ಳಲು ಹೇಳಬಹುದು. ಇನ್ನು 89ನೇ ಸೆಕ್ಷನ್, ಕಾಯಿಲೆಯವರ ಪ್ರತಿನಿಧಿ ಅರ್ಜಿ ಕೊಟ್ಟರೆ ಆಸ್ಪತ್ರೆಗೆ ದಾಖಲಿಸಿಕೊಳ್ಳುವುದು. ಅದಕ್ಕೆ ಕೋರ್ಟೇ ಬೇಡ, ಆದರೆ ಷರತ್ತು ಬಿಗಿ, ಮಿತಿ 30 ದಿನ. ಎರಡೂ ಆಸ್ಪತ್ರೆಯ ಬಾಗಿಲ ಒಳಗಿನ ಮಾತು. ನಿಮ್ಮ ಅಡುಗೆಮನೆವರೆಗೆ ಅವು ಬರುವುದಿಲ್ಲ. ಒಬ್ಬೊಬ್ಬರ ಪ್ರಕರಣ ಒಂದೊಂದು ಥರ ಇರುತ್ತದೆ, ನಾನು ವಕೀಲನೂ ಅಲ್ಲ. ಕಾಯಿಲೆ ಇರುವವರಿಗೆ ಉಚಿತ ಕಾನೂನು ನೆರವಿನ ಹಕ್ಕನ್ನು ಇದೇ ಕಾಯ್ದೆ ಕೊಟ್ಟಿದೆ, ಅಲ್ಲಿ ವಿಚಾರಿಸಿ.

"ಅಮೆರಿಕದಲ್ಲಿ ಇದೆಯಂತಲ್ಲ?" ಅಂತ ಮೊಬೈಲ್ ನೋಡಿಕೊಂಡು ಬಂದವರು ಕೇಳುತ್ತಾರೆ. ಇದೆ. ನ್ಯೂಯಾರ್ಕಿನಲ್ಲಿ 1999ರಿಂದ ಕೆಂಡ್ರಾ ಕಾಯ್ದೆ ಇದೆ, ಇಂಗ್ಲೆಂಡಿನಲ್ಲೂ 2008ರಿಂದ ಅಂಥದೊಂದು ಆದೇಶ ಇದೆ. ಅಲ್ಲೂ ಯಾರೂ ಮನೆಗೆ ಬಂದು ಬಾಯಿ ತೆರೆಸಿ ಮಾತ್ರೆ ಹಾಕುವುದಿಲ್ಲ. ಮಾತು ತಪ್ಪಿದವರನ್ನು ಆಸ್ಪತ್ರೆಗೆ ಕರೆತಂದು 72 ಗಂಟೆಯವರೆಗೆ ಇಟ್ಟುಕೊಂಡು ನೋಡಬಹುದು. ನ್ಯೂಯಾರ್ಕಿನ ಆದೇಶದಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಯಾರೂ ಓದಿಕೊಂಡು ಬರುವುದಿಲ್ಲ. ಕಾಯಿಲೆಯವರ ಬೆನ್ನಿಗೆ ನಿಲ್ಲಲು ಒಬ್ಬ ಕೇಸ್ ಮ್ಯಾನೇಜರನ್ನು, ಚಿಕಿತ್ಸೆಯ ವ್ಯವಸ್ಥೆಯನ್ನು ಒದಗಿಸಬೇಕು ಅಂತ ಅದರಲ್ಲೇ ಬರೆದಿರುತ್ತದೆ. ಅಂದರೆ ಕಟ್ಟುಪಾಡು ಎರಡೂ ಕಡೆಗೆ. ಇಂಗ್ಲೆಂಡಿನಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆದೇಶದ ಹಿಡಿತದಲ್ಲಿ ಜಾಸ್ತಿ ದಿನ ಇದ್ದವರು, ಈ ಆದೇಶ ಇಲ್ಲದೆ ಕಾನೂನಿನ ಹಿಡಿತದಲ್ಲಿ ಕಮ್ಮಿ ದಿನ ಇದ್ದವರು, ಎರಡೂ ಗುಂಪಿನಲ್ಲಿ ವರ್ಷದೊಳಗೆ ಮತ್ತೆ ಆಸ್ಪತ್ರೆ ಸೇರಿದವರು ಶೇ. 36. ಒಂದೇ ಅಧ್ಯಯನ ಹಿಡಿದು ತೀರ್ಪು ಕೊಡುವುದು ಬೇಡ. ಆದರೆ ಆರ್ಡರ್ ಅನ್ನುವುದು ಮಂತ್ರದಂಡ ಅಲ್ಲ ಅಂತಾದರೂ ಗೊತ್ತಾಗುತ್ತದೆ, ಅಲ್ವಾ?

ಒಬ್ಬ ಅಣ್ಣ ಬಂದಿದ್ದರು. ಕೈಯಲ್ಲಿ ಫೈಲು, ಅದರಲ್ಲಿ ಟೈಪ್ ಮಾಡಿಸಿದ ಅರ್ಜಿ. ತಮ್ಮನಿಗೆ ಸ್ಕಿಜೋಫ್ರೇನಿಯಾ, ಕಸುಬು ಟೈಲರಿಂಗ್. ಮಾತ್ರೆಗಳೆಲ್ಲ ಹೊಲಿಗೆ ಮಿಷಿನ್ನಿನ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯೊಳಗೆ ಸಿಕ್ಕಿದ್ದವಂತೆ. ಅತ್ತಿಗೆ ಸಾರಿಗೆ ಪುಡಿ ಮಾಡಿ ಹಾಕಿಯೂ ನೋಡಿದ್ದರು. ಆ ಕೆಲಸ ಮಾತ್ರ ಮಾಡಬೇಡಿ. ಗೊತ್ತಾದ ದಿನ ಅವರು ಊಟವನ್ನೂ ಬಿಡುತ್ತಾರೆ, ನಿಮ್ಮನ್ನೂ ನಂಬುವುದಿಲ್ಲ. ಇಲ್ಲೂ ಹಾಗೇ ಆಗಿತ್ತು.

ತಮ್ಮನನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಿದೆ, ಯಾಕೆ ಬೇಡ ಅಂತ. ಮಾತಾಡಲಿಲ್ಲ. ಎರಡೂ ಕೈ ಮೇಜಿನ ಮೇಲೆ ಚಾಚಿ ತೋರಿಸಿದರು. ಬೆರಳು ಸಣ್ಣಗೆ ನಡುಗುತ್ತಿದ್ದವು. "ಸೂಜಿಗೆ ದಾರ ಪೋಣಿಸಕ್ಕೆ ಆಗಲ್ಲ ಸಾರ್."

ಅದು ಔಷಧಿಯದೇ ಅಡ್ಡಪರಿಣಾಮ. ಹಿಂದಿನ ಚೀಟಿಗಳಲ್ಲಿ ಡೋಸು ಏರುತ್ತಲೇ ಹೋಗಿತ್ತು. ಎರಡು ಸಲ ಚೀಟಿ ಬರೆದವನು ನಾನೇ. ಆಗೆಲ್ಲ ಮಾತಾಡಿದ್ದು ಅಣ್ಣನ ಜೊತೆ ಮಾತ್ರ, ಕೈ ನೋಡಿರಲಿಲ್ಲ.

ಔಷಧಿ ಬದಲಾಯಿಸಿದೆ. ಎಲ್ಲರಿಗೂ ಇಷ್ಟು ಸಲೀಸಾಗಿ ಹೊಂದುವುದಿಲ್ಲ, ಅವರಿಗೆ ಹೊಂದಿತು. ಕಾಯ್ದೆಯ ಪ್ರಕಾರ ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ಅವರೇ ಆರಿಸಿಕೊಳ್ಳಬಹುದು ಅಂತ ತಿಳಿಸಿದೆ. ಅಣ್ಣನ ಹೆಸರು ಬರೆಯುತ್ತಾರೆ ಅಂದುಕೊಂಡಿದ್ದೆ. ಅತ್ತಿಗೆಯ ಹೆಸರು ಬರೆದರು. ಸಾರಿನ ವಿಷಯಕ್ಕೆ ಅವರು ಕ್ಷಮೆ ಕೇಳಿದ್ದರಂತೆ.

ಈಗ ತಿಂಗಳಿಗೊಮ್ಮೆ ಇಬ್ಬರೂ ಬರುತ್ತಾರೆ. ಫೈಲು ಅಣ್ಣನ ಹತ್ತಿರವೇ ಇದೆ. "ಇರಲಿ ಡಾಕ್ಟ್ರೇ, ಯಾವಾಗಲಾದ್ರೂ ಬೇಕಾಗಬಹುದು" ಅನ್ನುತ್ತಾರೆ.