ಅಂಗಡಿಯಲ್ಲಿ ಮೆತ್ತಗೆ, ಮೂಡಿಗೆರೆಯಲ್ಲಿ ಗಟ್ಟಿ

ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಅಂಗಡಿಯಲ್ಲಿ ಒತ್ತಿ ನೋಡಿ ತಂದ ಮೆಮೊರಿ ಫೋಮ್ ಹಾಸಿಗೆಯನ್ನು ಡಿಸೆಂಬರಿನ ರಾತ್ರಿ ಮೂಡಿಗೆರೆಯ ಹಂಚಿನ ಮನೆಯಲ್ಲಿ ಮತ್ತೆ ಒತ್ತಿ ನೋಡಿ. ಅಂಗೈ ಅಷ್ಟು ಸುಲಭಕ್ಕೆ ಒಳಗಿಳಿಯುವುದಿಲ್ಲ. ಅದರ ಮೇಲೆ ಮಲಗಿ ಎದ್ದರೆ ಭುಜ, ಸೊಂಟ ಹಿಡಿದುಕೊಂಡಿರುತ್ತವೆ. ಅಂಗಡಿಯವನಿಗೆ ಬೈಯುವ ಮೊದಲು ಕೋಣೆಯ ಚಳಿಯನ್ನೂ ಸ್ವಲ್ಪ ವಿಚಾರಿಸಿಕೊಳ್ಳಬೇಕು.

ಮೆಮೊರಿ ಫೋಮ್ ಅಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ನೊರೆ. 1966ರಲ್ಲಿ ಅಮೆರಿಕದ ನಾಸಾಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದ್ದು ವಿಮಾನದ ಸೀಟಿಗೆ, ಮಲಗೋಕಲ್ಲ. ಇದರ ಉದ್ದುದ್ದ ಅಣು ಸರಪಳಿಗಳು ಬೆಚ್ಚಗಿದ್ದಾಗ ಸಲೀಸಾಗಿ ಸರಿದಾಡುತ್ತವೆ, ತಣ್ಣಗಾದಂತೆ ಬಿಗಿಯುತ್ತವೆ. ಈ ಬದಲಾವಣೆ ರಬ್ಬರಿನಲ್ಲೂ ಉಂಟು. ಆದರೆ ಅದು ಆಗುವುದು ಸೊನ್ನೆಗಿಂತ ಸುಮಾರು 70 ಡಿಗ್ರಿ ಕೆಳಗೆ. ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಮೆಮೊರಿ ಫೋಮಿನಲ್ಲಿ ಅದನ್ನು ಬೇಕಂತಲೇ ಮನೆಯೊಳಗಿನ ತಾಪಮಾನದ ಆಸುಪಾಸಿಗೆ ತಂದಿರುತ್ತಾರೆ. ಮೈಬಿಸಿ ತಾಗಿದ ಕಡೆ ಮಾತ್ರ ಮೆತ್ತಗಾಗಲಿ ಅಂತ.

ಲೆಕ್ಕ ತಪ್ಪುವುದು ನಮ್ಮಂಥ ಊರಲ್ಲಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಜನವರಿಯ ಬೆಳಗಿನ ಜಾವ 15 ಡಿಗ್ರಿಗೆ ಇಳಿಯೋದು ಹೊಸದೇನಲ್ಲ. ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಗಟ್ಟಿಯಾಗಿ ಕೂತ ದಿನ ಈ ಫೋಮೂ ಬಿಗಿದಿರುತ್ತದೆ ಅಂದುಕೊಳ್ಳಿ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಹೇರಳವಾಗಿ ಸಿಗುವ ತೆಂಗಿನ ನಾರಿಗೆ ಈ ಗೊಡವೆ ಇಲ್ಲ. ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಮಾಡಿದ ಹಾಸಿಗೆ ಚಳಿಗೂ ಸೆಕೆಗೂ ಹೆಚ್ಚುಕಮ್ಮಿ ಒಂದೇ ಥರ. ಮೊದಲ ದಿನದಿಂದಲೇ ಗಟ್ಟಿ, ಅಷ್ಟೇ.

ಮಗ್ಗುಲಾಗಿ ಮಲಗಿದಾಗ ಮೈಭಾರದ ದೊಡ್ಡ ಪಾಲು ಭುಜ ಮತ್ತು ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಅಲ್ಲಿ ಹಾಸಿಗೆ ತಗ್ಗದಿದ್ದರೆ ಚರ್ಮದಡಿಯ ಸಣ್ಣ ರಕ್ತನಾಳಗಳು ಅದುಮಿಹೋಗುತ್ತವೆ. ನಡುವಿನ ಕೆಳಗೆ ಆಧಾರ ಸಿಗದೆ ಬೆನ್ನು ಬಾಗುತ್ತದೆ. ಇನ್ನು ಬಿಸಿ ತಾಗಿ ಇಳಿದ ಜಾಗ ಗುಳಿಯಾಗಿರುತ್ತದೆ, ಪಕ್ಕದ್ದು ತಣ್ಣಗೆ ಗಟ್ಟಿಯಾಗಿರುತ್ತದೆ. ನಿದ್ದೆಗಣ್ಣಲ್ಲಿ ಮಗ್ಗುಲು ಬದಲಿಸಬೇಕಾದರೆ ಆ ಗುಳಿಯಿಂದ ಹತ್ತಿ ಬರಬೇಕು.

ಗಟ್ಟಿ ಅನ್ನಿಸಿದ ಕೂಡಲೇ ಫೋಮಿನ ಮೇಲೆ ಎರಡು ರಗ್ಗು ಹಾಸಿಬಿಡುತ್ತಾರೆ. ಅಲ್ಲೇ ಎಡವಟ್ಟು. ರಗ್ಗು ಮೈಶಾಖವನ್ನು ಮೇಲೇ ತಡೆಯುತ್ತದೆ. ಶಾಖ ಸಿಗದ ಫೋಮ್ ಬಿಗಿದೇ ಉಳಿಯುತ್ತದೆ. ಹಾಸುವುದು ತೆಳ್ಳಗಿರಲಿ, ಹೊದೆಯುವುದು ಜಾಸ್ತಿ ಇರಲಿ. ಮಲಗುವ ಅರ್ಧ ಗಂಟೆ ಮೊದಲು ಭುಜ, ಸೊಂಟ ಬರುವ ಜಾಗದಲ್ಲಿ ಕಂಬಳಿಯಡಿ ಬಿಸಿನೀರಿನ ಬ್ಯಾಗ್ ಇಟ್ಟರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಅಂಗಡಿಯಲ್ಲಿ '40 ಡೆನ್ಸಿಟಿ ಸಾರ್, ಗಟ್ಟಿ ಮಾಲು' ಅನ್ನುತ್ತಾರೆ. ಡೆನ್ಸಿಟಿ 40 ಅಂದರೆ ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗುತ್ತದೆ ಅಂತ ಮಾತ್ರ. ಅದು ಬಾಳಿಕೆಯ ಸುಳಿವು. ಮೆತ್ತಗೋ ಗಟ್ಟಿಯೋ ಅನ್ನುವುದು ಬೇರೆಯೇ ಅಳತೆ.

ಬೆನ್ನುನೋವಿಗೆ ಹಲಗೆಯಂಥ ಹಾಸಿಗೆಯೇ ಒಳ್ಳೇದು ಅನ್ನುವ ಮಾತೂ ಪೂರ್ತಿ ನಿಜವಲ್ಲ. ಸ್ಪೇನಿನಲ್ಲಿ ತುಂಬಾ ದಿನದಿಂದ ಸೊಂಟನೋವಿದ್ದ 313 ಜನರಿಗೆ, ಕೆಲವರಿಗೆ ಗಟ್ಟಿ, ಕೆಲವರಿಗೆ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಧ್ಯಮದ್ದರ ಮೇಲೆ ಮಲಗಿದವರ ನೋವೇ ಹೆಚ್ಚು ತಗ್ಗಿತ್ತು. 2003ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಆದರೂ ನಮ್ಮ ಹಿರಿಯರು 'ನೆಲದ ಮೇಲೆ ಚಾಪೆ ಹಾಕ್ಕೊಂಡು ಮಲಗು, ಎಲ್ಲಾ ಸರಿಹೋಗುತ್ತೆ' ಅನ್ನೋದು ಬಿಡಲ್ಲ ಅಲ್ವಾ!

ಕುತ್ತಿಗೆ ನೋವಿಗೆ ಮಾತ್ರ ಹಾಸಿಗೆಗಿಂತ ಮೊದಲು ದಿಂಬನ್ನು ನೋಡಿ. ಮೆತ್ತನೆ ಹಾಸಿಗೆಯಲ್ಲಿ ಭುಜ ಇಳಿಯುತ್ತದೆ, ತಲೆಗೂ ಹಾಸಿಗೆಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ಆಗ ಹಳೆಯ ಬೂರುಗದ ಹತ್ತಿಯ ದಪ್ಪ ದಿಂಬು ಕತ್ತನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಗಟ್ಟಿ ಹಾಸಿಗೆಯಲ್ಲಿ ಇದರ ಉಲ್ಟಾ.

ಬೆಳಗಿನ ಬಿಗಿತವನ್ನೆಲ್ಲ ಹಾಸಿಗೆಯ ತಲೆಗೆ ಕಟ್ಟೋದೂ ಸರಿಯಲ್ಲ. ಬೆನ್ನುಮೂಳೆಗಳ ನಡುವಿನ ಡಿಸ್ಕುಗಳು ಮಲಗಿದಾಗ ನೀರು ಹೀರಿ ಉಬ್ಬುತ್ತವೆ. ಎದ್ದಾಗ ನಾವು ರಾತ್ರಿಗಿಂತ ಒಂದೆರಡು ಸೆಂಟಿಮೀಟರ್ ಎತ್ತರ ಇರುತ್ತೇವೆ. ಆ ಹೊತ್ತಿಗೆ ಬೆನ್ನು ಬಾಗಿಸುವುದು ಕಷ್ಟ. ಎದ್ದವರೇ ಬಗ್ಗಿ ಹಂಡೆಗೆ ನೀರು ಹೊರಬೇಡಿ, ಸ್ವಲ್ಪ ಓಡಾಡಿ.

ಹೊಸ ಫೋಮ್ ಪಳಗಲು ಎರಡು ಮೂರು ವಾರ ಬೇಕು. ಆಮೇಲೂ ನೋವು ಉಳಿದರೆ ಹಳೇ ಹಾಸಿಗೆಯಲ್ಲಿ ನಾಲ್ಕು ದಿನ ಮಲಗಿ ನೋಡಿ. ಅಲ್ಲೂ ಅದೇ ನೋವಾದರೆ ಕಾರಣ ಬೇರೆ. 45 ದಾಟದವರಿಗೆ ಮೂರು ತಿಂಗಳಿಂದ ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬೆನ್ನು ಬಿಗಿದು, ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಬೆನ್ನುಮೂಳೆಯ ಸಂಧಿವಾತ ಇರಬಹುದು, ವೈದ್ಯರಿಗೆ ತೋರಿಸಬೇಕು. ಕಾಲು ಸೋತು ಬಂದರೆ, ತೊಡೆಸಂದಿ ಜೋಮುಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.