ನೇರಳೆ ಹೂವು ಫೋಟೋದಲ್ಲಿ ನೀಲಿ ಆಗುವುದೇಕೆ?

ಪ್ರಶ್ನೆ: ನಮ್ಮ ಮನೆ ಹಿಂದಿನ ಬ್ಯಾಣದಲ್ಲಿ, ಧರೆಯ ಮೇಲೆ ಮಳೆಗಾಲ ಪೂರ್ತಿ ಏನಾದರೊಂದು ಹೂವು ಇದ್ದೇ ಇರುತ್ತದೆ. ಮೊಬೈಲಿನಲ್ಲಿ ಹಿಡಿದರೆ ಮಾತ್ರ ನೇರಳೆ ಹೂವು ನೀಲಿಯಾಗುತ್ತದೆ, ಗೌರಿಹೂವು ಬರೀ ಕೆಂಪು ಮುದ್ದೆ, ತುಂಬೆ ಹೂವು ಬೆಳ್ಳಗಿನ ಚುಕ್ಕೆ. ಒಳ್ಳೆಯ ಕ್ಯಾಮೆರಾ ಕೊಂಡರೆ ಸರಿಹೋಗುತ್ತದಾ?
(ತೀರ್ಥಹಳ್ಳಿ ಕಡೆಯ ಓದುಗರೊಬ್ಬರು)

ಪೂರ್ತಿ ಸರಿಹೋಗುವುದಿಲ್ಲ. ಲಕ್ಷ ರೂಪಾಯಿಯ ಕ್ಯಾಮೆರಾದಲ್ಲೂ ನೇರಳೆ ಕೈಕೊಡುತ್ತದೆ. ಹಾಗಾಗಿ ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ. ಕೆಂಪು, ಬಿಳಿ ಹೂವಿನ ತೊಂದರೆಗೆ ಮದ್ದು ಸುಲಭ. ನೇರಳೆಯದು ಸ್ವಲ್ಪ ಹಟಮಾರಿ ಕಾಯಿಲೆ.

ಮೊದಲು ಗೌರಿಹೂವು. ಕ್ಯಾಮೆರಾದೊಳಗಿನ ಸೆನ್ಸರ್ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪಾಲಾಗಿ ಅಳೆಯುತ್ತದೆ. ಹೂವಿನ ಸುತ್ತ ಇರುವುದು ಕಡು ಹಸಿರು ಪೊದೆ. ಚೌಕಟ್ಟಿನ ಬಹುಪಾಲು ಕತ್ತಲೆ ಎಂದುಕೊಂಡ ಫೋನು ಒಟ್ಟಾರೆ ಬೆಳಕನ್ನು ಏರಿಸಿಬಿಡುತ್ತದೆ. ಆಗ ಹೂವಿನ ಕೆಂಪು ಪಾಲು ಅಂಚಿನವರೆಗೆ ತುಂಬಿಹೋಗುತ್ತದೆ. ತುಂಬಿದ ಕೊಡಕ್ಕೆ ಎಷ್ಟು ನೀರು ಸುರಿದರೂ ಒಳಗೆ ಉಳಿಯುವುದು ಅಷ್ಟೇ ತಾನೆ? ಎಸಳಿನ ಅಲೆಯಂಚು, ಗೆರೆ, ನೆರಳು ಎಲ್ಲವೂ ಒಂದೇ ಕೆಂಪಾಗಿ ದಾಖಲಾಗುತ್ತವೆ. ಬಿಳಿ ತುಂಬೆಯಲ್ಲಿ ಮೂರೂ ಪಾಲು ಒಟ್ಟಿಗೆ ತುಂಬಿಹೋಗುತ್ತವೆ, ಅಷ್ಟೇ ವ್ಯತ್ಯಾಸ.

ಪರದೆಯ ಮೇಲೆ ಹೂವನ್ನೇ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಎಷ್ಟು? ಸುತ್ತಲಿನ ಎಲೆಗಳು ಕೊಂಚ ಜಾಸ್ತಿಯೇ ಕಪ್ಪಾದವು ಅನ್ನಿಸುವವರೆಗೆ. ಕಪ್ಪಾದದ್ದನ್ನು ಆಮೇಲೆ ತಿಳಿಯಾಗಿಸಬಹುದು, ಸುಟ್ಟುಹೋದ ಎಸಳನ್ನು ಯಾವ ಆ್ಯಪ್ ಕೂಡ ಮರಳಿ ತರುವುದಿಲ್ಲ. ಹೂವು ಕಂಡೊಡನೆ ತಾನಾಗಿ ಬಣ್ಣ ಏರಿಸುವ ಎಐ ಮೋಡ್ ನಿಮ್ಮ ಫೋನಿನಲ್ಲಿದ್ದರೆ ಆರಿಸಿಡಿ. ನನ್ನ ಲೆಕ್ಕದಲ್ಲಿ ಅದು ಬೇಕೇಬೇಕೆಂದು ಹಾಳು ಮಾಡುವ ಸೌಲಭ್ಯ. ಇನ್ನೊಂದು ಮಾತು: ಗೌರಿಹೂವು ಅರಳುವಾಗ ಹಸಿರು ಮಿಶ್ರಿತ ಹಳದಿ, ಆಮೇಲೆ ತುದಿ ಕೆಂಪು ಬುಡ ಹಳದಿ, ಕೊನೆಗೆ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಮೂರೂ ಸಿಗುತ್ತವೆ. ನಡುವಿನದನ್ನು ಆರಿಸಿಕೊಳ್ಳಿ, ಎರಡು ಬಣ್ಣ ಇರುವುದರಿಂದ ಎಸಳಿನ ಆಕಾರ ತಾನಾಗಿ ಎದ್ದು ಕಾಣುತ್ತದೆ.

ಈಗ ನೇರಳೆ. ನಮ್ಮ ಕಣ್ಣಿನಲ್ಲಿ ಕೆಂಪನ್ನು ಗ್ರಹಿಸುವ ಕೋಶಗಳು ನೇರಳೆ ಬೆಳಕಿಗೂ ಒಂದಿಷ್ಟು ಸ್ಪಂದಿಸುತ್ತವೆ. ನೇರಳೆಯಲ್ಲಿ ನಮಗೆ ಕೆಂಪಿನ ಛಾಯೆ ಕಾಣುವುದು ಅದರಿಂದ. ಕ್ಯಾಮೆರಾದ ಕೆಂಪು ಫಿಲ್ಟರ್ ಅಷ್ಟು ಸ್ಪಂದಿಸದಿದ್ದರೆ ಉಳಿಯುವುದು ನೀಲಿ. ಸಾಲದ್ದಕ್ಕೆ, ಎಷ್ಟೋ ನೇರಳೆ ಹೂಗಳು ಕಡುಗೆಂಪು ಬೆಳಕನ್ನೂ ಚೆನ್ನಾಗಿ ಹೊಮ್ಮಿಸುತ್ತವೆ. ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ತಡೆಯಲೆಂದು ಸೆನ್ಸರಿನ ಮುಂದೆ ಇಟ್ಟಿರುವ ಗಾಜು ಆ ಕಡುಗೆಂಪಿನಲ್ಲೂ ಒಂದು ಪಾಲನ್ನು ನುಂಗಿಹಾಕುತ್ತದೆ. ಹೂವಿನಿಂದ ಹೊರಟ ಕೆಂಪು ಹೀಗೆ ದಾರಿಯಲ್ಲೇ ಸೋರಿಹೋಗುತ್ತದೆ.

ಇದರ ಮೇಲೆ ಕಾಡಿನ ಬೆಳಕು ಬೇರೆ. ಸೊಪ್ಪಿನಬೆಟ್ಟದೊಳಗೆ ಹೂವಿನ ಮೇಲೆ ಬೀಳುವ ಬೆಳಕು ಎಲೆಗಳನ್ನು ದಾಟಿ ಬಂದದ್ದು, ಹಸಿರಾಗಿರುತ್ತದೆ. ಅದನ್ನು ಸರಿದೂಗಿಸಲು ಫೋನಿನ ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಏರ್ಪಾಡು) ಒಮ್ಮೆ ಹೀಗೆ ಒಮ್ಮೆ ಹಾಗೆ ವಾಲುತ್ತದೆ. ನೀವು ಅರ್ಧ ಹೆಜ್ಜೆ ಸರಿದು ನಿಂತರೂ ಅದೇ ಹೂವು ಬೇರೆ ಬಣ್ಣಕ್ಕೆ ತಿರುಗುವುದು ಇದರಿಂದಲೇ. ಪ್ರೊ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸನ್ನು 6000ರಿಂದ 6500 ಕೆಲ್ವಿನ್ ನಡುವೆ ಒಂದು ಕಡೆ ನಿಲ್ಲಿಸಿ. ಮೋಡದ ದಿನಕ್ಕೆ ಸಾಮಾನ್ಯವಾಗಿ ಒಗ್ಗುತ್ತದೆ. ಅಲ್ಲೇ, ಅದೇ ಬೆಳಕಿನಲ್ಲಿ ಒಂದು ಬಿಳಿ ಕಾಗದದ ಫೋಟೋವನ್ನೂ ತೆಗೆದಿಟ್ಟುಕೊಳ್ಳಿ. ರಾ ಫೈಲ್, ಅಂದರೆ ಫೋನು ತಿದ್ದುವ ಮೊದಲಿನ ಮೂಲ ದಾಖಲೆ, ಉಳಿಸುವ ಅನುಕೂಲ ಇದ್ದರೆ ಇನ್ನೂ ಒಳ್ಳೆಯದು. ಕಾಗದ ಬಿಳಿಯಾಗುವಂತೆ ಆಮೇಲೆ ತಿದ್ದಿ, ಅದೇ ತಿದ್ದುಪಡಿಯನ್ನು ಹೂವಿಗೂ ಹಚ್ಚಬಹುದು.

ಇಷ್ಟಾದರೂ ನೇರಳೆ ಸ್ವಲ್ಪ ನೀಲಿಯಾಗಿಯೇ ಉಳಿಯಬಹುದು. ಆಗ ಲೈಟ್‌ರೂಮ್‌ನಂಥ ಆ್ಯಪ್‌ನಲ್ಲಿ ನೀಲಿ ಮತ್ತು ನೇರಳೆಯ ಹ್ಯೂ (ಬಣ್ಣದ ಛಾಯೆ) ಪಟ್ಟಿಯನ್ನಷ್ಟೇ ಕೆಂಪಿನ ಕಡೆ ತುಸು ಸರಿಸಿ. ಈ ಕೆಲಸವನ್ನು ಮನೆಗೆ ಬಂದು ಮಾಡಬೇಡಿ, ಹೂವಿನ ಪಕ್ಕದಲ್ಲೇ ಕೂತು ಮಾಡಿ. ಬಣ್ಣದ ವಿಷಯದಲ್ಲಿ ನೆನಪಿನಷ್ಟು ದೊಡ್ಡ ಸುಳ್ಳುಬುರುಕ ಇನ್ನೊಂದಿಲ್ಲ. ಫೋನಿನ ಪರದೆ ಬಣ್ಣ ಏರಿಸಿ ತೋರಿಸುವ ವಿವಿಡ್‌ನಲ್ಲಿದ್ದರೆ ಅದನ್ನು ನ್ಯಾಚುರಲ್‌ಗೆ ಬದಲಿಸಿಕೊಂಡೇ ಶುರುಮಾಡಿ.

ತಿದ್ದುವುದು ಮೋಸ ಅಲ್ಲವಾ ಎಂದು ಕೇಳುವವರಿದ್ದಾರೆ. ಹೂವಿನ ಕಡೆಗೆ ತಿದ್ದಿದರೆ ಮೋಸವಲ್ಲ, ಲೈಕಿನ ಕಡೆಗೆ ತಿದ್ದಿದರೆ ಮೋಸ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಕುರಿಂಜಿ ಅರಳಿದಾಗ ಹರಿದಾಡಿದ ಕೆಲವು ಫೋಟೋಗಳಲ್ಲಿ ಇಡೀ ಗುಡ್ಡವೇ ಗಾಢ ನೀಲಿ. ಹೂವಿನ ಬಣ್ಣ ಇದ್ದದ್ದು ಅದಕ್ಕಿಂತ ಎಷ್ಟೋ ತೆಳು.

ಬೆಳಕಿನ ಮಟ್ಟಿಗೆ ನೀವು ಪುಣ್ಯವಂತರು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಿಮ್ಮ ತಾಲ್ಲೂಕಿನದೇ. ಹೂವಿಗೆ ಮೋಡದ ಬೆಳಕಿಗಿಂತ ಒಳ್ಳೆಯದಿಲ್ಲ. ನೆರಳು ಕಡುವಾಗುವುದಿಲ್ಲ, ಎಸಳು ಸುಡುವುದಿಲ್ಲ. ನಡುವೆ ಹೊಳವಾಗಿ ಬಿಸಿಲು ಬಿದ್ದರೆ ಹೂವಿಗೆ ಕೊಡೆ ಹಿಡಿಯಿರಿ, ಆದರೆ ಕಪ್ಪು ಕೊಡೆಯನ್ನೇ. ಬಣ್ಣದ ಕೊಡೆಯಡಿ ಬಿಳಿ ಹೂವಿಗೆ ಆ ಬಣ್ಣ ಇಳಿಯುತ್ತದೆ. ತೀರಾ ಹತ್ತಿರ ಬಗ್ಗಿದರೆ ಕೆಂಪು ಅಂಗಿಯೂ ಇದೇ ಕಿತಾಪತಿ ಮಾಡುತ್ತದೆ. ಹೂವಿನ ಕೆಳಭಾಗ ಕಪ್ಪಾದರೆ ಬಿಳಿ ಪಂಚೆಯ ತುದಿ ಹಿಡಿದರೂ ಸಾಕು, ಬೆಳಕು ಚಿಮ್ಮುತ್ತದೆ. ಒದ್ದೆ ಎಲೆಗಳು ಕನ್ನಡಿಯ ಹಾಗೆ ಮಿನುಗಿ ಹಸಿರೆಲ್ಲ ಬಿಳಿಚಿದರೆ, ಕ್ಯಾಮೆರಾ ಇರುವವರು ಲೆನ್ಸಿಗೆ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿ ತಿರುಗಿಸಿ ನೋಡಲಿ. ಕನ್ನೆಸೊಪ್ಪಿನ ಹೂವಿನಂಥವು ಮಧ್ಯಾಹ್ನದ ಹೊತ್ತಿಗೆ ಮುದುಡಿಬಿಡುತ್ತವೆ. ಅವಕ್ಕೆ ಬೆಳಗ್ಗೆಯೇ ಹೊರಡಬೇಕು.

ಜಂಬಿಟ್ಟಿಗೆ ಹಾಸಿನ ಮೇಲೆ ಮಳೆಗಾಲದ ಕೊನೆಗೆ ಏಳುವ ಯುಟ್ರಿಕುಲೇರಿಯಾ ಥರದ ಹೂಗಳು ತೀರಾ ಪುಟ್ಟವು. ಫೋನು ಹತ್ತಿರ ಒಯ್ದಷ್ಟೂ ಮಸುಕಾಗುತ್ತದೆ. ಒಂದು ಗೇಣು ಹಿಂದೆ ಸರಿದು, ಎರಡು ಪಟ್ಟು ಜೂಮ್ ಮಾಡಿ. ಫೋಟೋಗೆಂದು ನೆಲದ ಮೇಲೆ ಮಲಗುವ ಮೊದಲು ಮೊಣಕೈ ಊರುವ ಜಾಗ ನೋಡಿಕೊಳ್ಳಿ, ಅಲ್ಲಿಯೂ ಅವೇ ಇರುತ್ತವೆ. ಬೇರೆ ಹೂವಿಗೆಂದು ಕೊಡಚಾದ್ರಿಯ ಕಡೆ ಹೋಗುವುದಾದರೆ ಅದು ಮೂಕಾಂಬಿಕಾ ವನ್ಯಜೀವಿಧಾಮ, ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ.

ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಎಸಳಿನ ಗೆರೆಗಳು ಉಳಿಯುತ್ತವೆ. ಅಷ್ಟು ಮಾಡಿಯೂ ಅತ್ತಿಗೆಯ ಫೋನಿನಲ್ಲಿ ಅದು ಮತ್ತೆ ನೀಲಿಯಾಗಿ ಕಂಡರೆ, ಅವರ ಪರದೆಯ ಸೆಟ್ಟಿಂಗನ್ನು ಒಮ್ಮೆ ನೋಡಿ.