ಗಟ್ಟಿ ಉಗುರು ಬೇಕಾ, ಮುರಿಯದ ಉಗುರು ಬೇಕಾ?

ಮದುವೆ ಸೀಸನ್ ಬಂತೆಂದರೆ ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರದ ಪಾರ್ಲರ್‌ಗಳಲ್ಲಿ ಈ ಮಾತು ಪದೇ ಪದೇ ಕೇಳುತ್ತದೆ: "ಅಕ್ಕಾರ, ಉಗುರು ಭಾಳ ಮುರೀತಾವ್ರಿ. ಗಟ್ಟಿ ಆಗೋದು ಏನರ ಹಚ್ರಿ." ಪಾರ್ಲರ್‌ನವರು ಕಪಾಟಿನಿಂದ ಸಣ್ಣ ಬಾಟಲಿ ತೆಗೆಯುತ್ತಾರೆ. ಮೇಲೆ 'ನೇಲ್ ಹಾರ್ಡ್‌ನರ್' ಎಂದು ಬರೆದಿರುತ್ತದೆ. ಕ್ಯಾಲ್ಸಿಯಂ ಇದೆ, ಕೆರಾಟಿನ್ ಇದೆ, ವಿಟಮಿನ್ ಇದೆ ಎಂಬ ಸಾಲೂ ಇರುತ್ತದೆ. ಹಚ್ಚಿದ ಮೇಲೆ ಒಂದೆರಡು ವಾರ ಉಗುರು ನಿಜವಾಗಿಯೂ ಬಿಗಿಯಾಗಿರುತ್ತದೆ. ಖುಷಿಯಾದವರು ಮತ್ತೆ ಬರುತ್ತಾರೆ, ಮತ್ತೆ ಹಚ್ಚಿಸಿಕೊಳ್ಳುತ್ತಾರೆ. ಹೀಗೆ ತಿಂಗಳುಗಟ್ಟಲೆ ಬಿಡದೆ ಹಚ್ಚಿಸಿಕೊಂಡವರಲ್ಲಿ ಎಷ್ಟೋ ಜನರ ಉಗುರು ಮೊದಲಿಗಿಂತ ಜಾಸ್ತಿ ಒಡೆಯತೊಡಗುತ್ತದೆ.

ಯಾರೂ ಬೇಕೆಂದು ಮೋಸ ಮಾಡಿರುವುದಿಲ್ಲ. ಗಟ್ಟಿಯಾದದ್ದು ಮುರಿಯುವುದಿಲ್ಲ ಎಂದು ಇಬ್ಬರೂ ನಂಬಿರುತ್ತಾರೆ, ಅಷ್ಟೇ. ಜೋಳದ ರೊಟ್ಟಿ ತಿನ್ನುವ ನಮ್ಮ ಕಡೆಯವರಿಗೆ ಇದು ತಪ್ಪೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೆಂಚಿನಿಂದ ಈಗಷ್ಟೇ ಇಳಿಸಿದ ಬಿಸಿ ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಬಹುದು. ಅದೇ ಹಿಟ್ಟಿನ ಖಡಕ್ ರೊಟ್ಟಿ ಎಷ್ಟೋ ಪಾಲು ಗಟ್ಟಿ, ಆದರೆ ಮಡಿಸಲು ಹೋದರೆ ಚೂರುಚೂರು. ಬಾಗದಿರುವುದು ಒಂದು ಗುಣ. ಬಾಗಿಯೂ ಒಡೆಯದಿರುವುದು ಬೇರೆಯೇ ಗುಣ. ಪಾರ್ಲರ್‌ಗೆ ಬರುವವರು ಕೇಳುವುದು ಮೊದಲನೆಯದನ್ನು, ಅವರಿಗೆ ಬೇಕಾಗಿರುವುದು ಎರಡನೆಯದು.

ಉಗುರು ಕೆರಾಟಿನ್ ಎಂಬ ಪ್ರೋಟೀನ್‌ನಿಂದ ಆದದ್ದು. ಕೂದಲೂ ಅದರದ್ದೇ. ಬುಡದಲ್ಲಿ ಚರ್ಮದ ಅಡಿ ಜೀವಕೋಶಗಳು ಹುಟ್ಟಿ, ಕೆರಾಟಿನ್ ತುಂಬಿಕೊಂಡು, ಚಪ್ಪಟೆಯಾಗಿ, ಸತ್ತು, ಪದರ ಪದರವಾಗಿ ಮುಂದಕ್ಕೆ ತಳ್ಳಿಸಿಕೊಳ್ಳುತ್ತವೆ. ನಾವು ನೋಡುವ ಉಗುರಿನಲ್ಲಿ ಜೀವವಿಲ್ಲ, ರಕ್ತವಿಲ್ಲ. ಮೇಲೆ ಹಚ್ಚಿದ ಯಾವ ವಿಟಮಿನ್ನೂ ಅದಕ್ಕೆ ಊಟವಾಗಲಾರದು.

ಕ್ಯಾಲ್ಸಿಯಂ ಕಥೆಯನ್ನೂ ಇಲ್ಲೇ ಮುಗಿಸಿಬಿಡೋಣ. ಉಗುರಿನ ತೂಕದಲ್ಲಿ ಕ್ಯಾಲ್ಸಿಯಂ ಸಾವಿರಕ್ಕೆ ಒಂದೆರಡು ಪಾಲು ಮಾತ್ರ. ಮೂಳೆ ಗಟ್ಟಿಯಾಗಿರುವುದು ಕ್ಯಾಲ್ಸಿಯಂನಿಂದ, ಉಗುರು ಗಟ್ಟಿಯಾಗಿರುವುದು ಗಂಧಕದಿಂದ. ಉಗುರಿನ ಮೇಲೆ ಬಿಳಿ ಚುಕ್ಕೆ ಕಂಡರೆ ಕ್ಯಾಲ್ಸಿಯಂ ಕಡಿಮೆ ಎನ್ನುವವರಿದ್ದಾರೆ, ಹೊಸ ಬಟ್ಟೆ ಬರುತ್ತದೆ ಎನ್ನುವವರೂ ಇದ್ದಾರೆ. ಬಹಳ ಸಲ ಅದು ಉಗುರಿನ ಬುಡಕ್ಕೆ ಕೆಲವು ವಾರಗಳ ಹಿಂದೆ ಬಿದ್ದ ಸಣ್ಣ ಪೆಟ್ಟಿನ ಗುರುತು. ಗಂಧಕವಿದೆ ಎಂದು ಬೆಳ್ಳುಳ್ಳಿ ಉಜ್ಜುವವರೂ ಇದ್ದಾರೆ. ದಯವಿಟ್ಟು ಬೇಡ. ಬೆಳ್ಳುಳ್ಳಿಯ ಗಂಧಕ ಉಗುರಿಗೆ ಸೇರುವುದಿಲ್ಲ, ಚರ್ಮ ಮಾತ್ರ ಸುಡಬಹುದು.

ಆ ಗಂಧಕ ಉಗುರಿನೊಳಗೆ ಏನು ಮಾಡುತ್ತದೆ ಎನ್ನುವುದು ನನಗೆ ಬಹಳ ಇಷ್ಟದ ವಿಷಯ. ಕೆರಾಟಿನ್ ಎಂದರೆ ಉದ್ದುದ್ದ ಎಳೆಗಳು. ಎಳೆಗಳ ಮೇಲೆ ಅಲ್ಲಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲವಿದೆ, ಅದರ ತುದಿಯಲ್ಲಿ ಗಂಧಕದ ಪರಮಾಣು. ಅಕ್ಕಪಕ್ಕದ ಎಳೆಗಳ ಎರಡು ಗಂಧಕಗಳು ಕೈ ಹಿಡಿದುಕೊಂಡರೆ ಒಂದು ಅಡ್ಡಕೊಂಡಿ ಆಯಿತು. ಕೊಂಡಿ ಇಲ್ಲದಿದ್ದರೆ ಎಳೆಗಳು ಜಾರಿ ಹೋಗುತ್ತವೆ, ಉಗುರು ಮೆತ್ತಗೆ. ಕೊಂಡಿ ಸಾಕಷ್ಟಿದ್ದರೆ ಎಳೆಗಳು ಸ್ವಲ್ಪ ಜಾರುತ್ತವೆ, ಮತ್ತೆ ತಮ್ಮ ಜಾಗಕ್ಕೆ ಬರುತ್ತವೆ. ಆ ಸಣ್ಣ ಜಾರಾಟದಲ್ಲೇ ಪೆಟ್ಟಿನ ಶಕ್ತಿ ಕರಗಿಹೋಗುತ್ತದೆ. ಕೊಂಡಿ ವಿಪರೀತವಾದರೆ ಜಾರಲು ಜಾಗವೇ ಇಲ್ಲ. ಆಗ ಪೆಟ್ಟಿನ ಶಕ್ತಿ ಪೂರ್ತಿ ಎಲ್ಲೋ ಒಂದು ಕಡೆ ಬಿರುಕು ಬಿಡಿಸುವುದಕ್ಕೇ ಖರ್ಚಾಗುತ್ತದೆ.

ಇದು ಉಗುರಿಗಷ್ಟೇ ಸೀಮಿತವಲ್ಲ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದ. ಬೇಸಿಗೆಯಲ್ಲಿ ಅಂಟಂಟಾಗಿ ಚಳಿಯಲ್ಲಿ ಬಿರಿಯುತ್ತಿದ್ದ ರಬ್ಬರು ಹದಕ್ಕೆ ಬಂತು. ಅಲ್ಲೂ ಕೆಲಸ ಮಾಡಿದ್ದು ಎಳೆಗಳ ನಡುವಿನ ಗಂಧಕದ ಕೊಂಡಿಯೇ. ಗಂಧಕದ ಪಾಲನ್ನು ಬಹಳ ಏರಿಸಿದಾಗ ಎಬೊನೈಟ್ ಎಂಬ ಕಪ್ಪು, ಗಟ್ಟಿ ವಸ್ತು ಸಿಕ್ಕಿತು. ಹಳೆಯ ಕಾಲದ ಬಾಚಣಿಗೆ, ಫೌಂಟನ್ ಪೆನ್ನು ಅದರಿಂದಲೇ ಆಗುತ್ತಿದ್ದವು. ಅಂಥ ಬಾಚಣಿಗೆ ಬಾಗುವುದಿಲ್ಲ, ಜೋರಾಗಿ ಬಗ್ಗಿಸಿದರೆ ಹಲ್ಲು ಮುರಿಯುತ್ತದೆ.

ಹಾರ್ಡ್‌ನರ್ ಬಾಟಲಿ ಮಾಡುವುದೂ ಕೊಂಡಿ ಹಾಕುವ ಕೆಲಸವನ್ನೇ, ಆದರೆ ಗಂಧಕದಿಂದಲ್ಲ. ಹಳೆಯ ಮಾದರಿಯವುಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಮೆಡಿಕಲ್ ಕಾಲೇಜಿನ ಅನಾಟಮಿ ಕೋಣೆಯಲ್ಲಿ ದೇಹಗಳನ್ನು ಕೆಡದಂತೆ ಇಡುವ ಫಾರ್ಮಾಲಿನ್ ಅಂದರೆ ಇದರದ್ದೇ ದ್ರಾವಣ. ಇದು ಪ್ರೋಟೀನ್ ಎಳೆಗಳ ನಡುವೆ ಪುಟ್ಟ ಕಾರ್ಬನ್ ಕೊಂಡಿ ಹಾಕುತ್ತದೆ, ಮತ್ತು ಹಚ್ಚಿದಷ್ಟೂ ಹಾಕುತ್ತಲೇ ಹೋಗುತ್ತದೆ. ಮೊದಲ ವಾರಗಳ ಖುಷಿ, ಆಮೇಲಿನ ಒಡಕು ಎರಡಕ್ಕೂ ಕಾರಣ ಇದೇ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಇದರ ಆವಿಯನ್ನು ದಿನವಿಡೀ ಉಸಿರಾಡುವವರು ಗ್ರಾಹಕರಲ್ಲ, ಕಿಟಕಿ ಮುಚ್ಚಿ ಏಸಿ ಹಾಕಿಕೊಂಡು ಕೆಲಸ ಮಾಡುವ ಪಾರ್ಲರ್ ಹುಡುಗಿಯರು. ಯುರೋಪಿಯನ್ ಒಕ್ಕೂಟದಲ್ಲಿ ಉಗುರಿನ ಹಾರ್ಡ್‌ನರ್‌ನಲ್ಲಿರುವ ಫಾರ್ಮಾಲ್ಡಿಹೈಡ್‌ಗೆ ಶೇ 2.2ರ ಮಿತಿಯಿದೆ, ಉಗುರಿನ ಸುತ್ತಲ ಚರ್ಮಕ್ಕೆ ಎಣ್ಣೆ ಅಥವಾ ಜಿಡ್ಡು ಹಚ್ಚಿ ಕಾಪಾಡಿ ಎಂದು ಬಾಟಲಿ ಮೇಲೆ ಬರೆಯಬೇಕೆಂಬ ನಿಯಮವೂ ಇದೆ. ಲೇಬಲ್ ಓದುವಾಗ 'ಫಾರ್ಮಾಲಿನ್', 'ಮಿಥಿಲೀನ್ ಗ್ಲೈಕಾಲ್' ಎಂಬ ಹೆಸರುಗಳನ್ನೂ ಹುಡುಕಿ. ನೀರಿನಲ್ಲಿ ಅದೇ ವಸ್ತು ಈ ರೂಪದಲ್ಲಿರುತ್ತದೆ. ಡೈಮಿಥೈಲ್ ಯೂರಿಯಾ ಇರುವ ಬಾಟಲಿಗಳು ಇದಕ್ಕಿಂತ ಸೌಮ್ಯ. ಇನ್ನು ಕೆಲವು ಬರೀ ಪಾಲಿಶ್‌ನಂಥ ಹೊದಿಕೆ. ಒಣಗಿದ ಮೇಲೆ ಉಗುರಿಗೆ ಆಸರೆಯಾಗಿ ನಿಲ್ಲುತ್ತವೆ, ಒಳಗೆ ಏನೂ ಮಾಡುವುದಿಲ್ಲ. ಅದು ಕೊರತೆಯಲ್ಲ, ಬಹಳ ಜನರಿಗೆ ಅಷ್ಟೇ ಸಾಕು.

ಹಚ್ಚುವ ಮೊದಲು ಉಗುರು ಹೇಗೆ ಮುರಿದಿದೆ ಎಂದು ನೋಡಬೇಕು. 2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಉಗುರಿನ ಚೂರುಗಳನ್ನು ಕತ್ತರಿಸಿ, ಅದಕ್ಕೆ ಬೇಕಾದ ಶಕ್ತಿಯನ್ನು ಅಳೆದರು. ಉಗುರನ್ನು ಅಡ್ಡಕ್ಕೆ ಕತ್ತರಿಸಲು ಬೇಕಾದದ್ದಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ಉದ್ದಕ್ಕೆ ಕತ್ತರಿಸಲು ಬೇಕಾಯಿತು. ಕಾರಣ ಉಗುರಿನ ನಡುವಿನ ದಪ್ಪ ಪದರದಲ್ಲಿದೆ. ಅಲ್ಲಿ ಕೆರಾಟಿನ್ ನಾರುಗಳು ಅಡ್ಡಡ್ಡ ಮಲಗಿವೆ. ತುದಿಯಲ್ಲಿ ಸೀಳು ಬಿಟ್ಟರೆ ಅದು ಬೆರಳಿನ ಕಡೆಗೆ ಇಳಿಯದೆ ಅಡ್ಡಕ್ಕೆ ತಿರುಗಿ ಹೊರಗೆ ಹೋಗುತ್ತದೆ. ತುದಿಯ ಚೂರು ಹೋದರೂ ಕೆಳಗಿನ ಹಸಿ ಮಾಂಸ ಉಳಿಯಿತು. ಎಷ್ಟು ಚೆಂದದ ಏರ್ಪಾಡು ಅಲ್ವಾ!

ಹಾಗಾಗಿ ಅಡ್ಡಕ್ಕೆ ಮುರಿಯುವುದು ಉಗುರಿನ ಸಹಜ ಗುಣ. ತುದಿ ತೆಳುವಾಗಿ, ಬಾಗಿ ಬಾಗಿ ಹರಿಯುತ್ತಿದ್ದರೆ ಮಿತವಾಗಿ ಹಾರ್ಡ್‌ನರ್ ಉಪಯೋಗಕ್ಕೆ ಬರುತ್ತದೆ. ತುದಿ ಪದರ ಪದರವಾಗಿ ಏಳುತ್ತಿದ್ದರೆ ಬಹಳ ಸಲ ತೊಂದರೆ ನೀರಿನದ್ದು. ಉಗುರು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಸಲ ಪಾತ್ರೆ, ಬಟ್ಟೆ, ನೆಲ ಎಂದು ಇದೇ ನಡೆದರೆ ಪದರಗಳ ನಡುವಿನ ಅಂಟು ಬಿಡುತ್ತದೆ. ಸೋಪಿನ ಪುಡಿ ಇದ್ದ ಜಿಡ್ಡನ್ನೂ ಎಳೆದುಕೊಳ್ಳುತ್ತದೆ. ಇಂಥ ಉಗುರಿಗೆ ಇನ್ನಷ್ಟು ಕೊಂಡಿ ಹಾಕಿದರೆ ಲಾಭವಿಲ್ಲ. ಕೈಗವಸು ಮತ್ತು ಎಣ್ಣೆ ಬೇಕು. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಗಳ ಉಗುರು ಮೂರನೆಯ ತರದ್ದು. ಅಲ್ಲಿ ತುದಿ ಸವೆಯುತ್ತದೆ, ಚಿಕ್ಕದಾಗಿ ದುಂಡಗೆ ಕತ್ತರಿಸಿ ಮೇಲೊಂದು ಹೊದಿಕೆ ಕೊಟ್ಟರೆ ಸಾಕು. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಎಂದು ಕತ್ತರಿಸುವುದನ್ನು ಮುಂದೂಡುವವರಿಗೂ ಒಂದು ಮಾತು. ಉಗುರಿಗೆ ವಾರ ತಿಳಿಯುವುದಿಲ್ಲ. ಚೂರು ಸೀಳಿದ ತುದಿಯನ್ನು ಹಾಗೇ ಬಿಟ್ಟರೆ ಅದು ಸೀರೆಗೆ ಸಿಕ್ಕಿ ಇನ್ನೂ ಹರಿಯುತ್ತದೆ.

ಇಷ್ಟು ತಿಳಿದರೆ ಹಚ್ಚುವ ಕ್ರಮ ತಾನಾಗಿ ಹೊಳೆಯುತ್ತದೆ. ಬಿಸಿನೀರಿನಲ್ಲಿ ಕೈ ನೆನೆಸಿ ಶುರು ಮಾಡುವ ಪದ್ಧತಿಯನ್ನು ಇಲ್ಲಿ ಬಿಡಬೇಕು. ಉಬ್ಬಿದ ಉಗುರಿನ ಮೇಲೆ ಹಚ್ಚಿದ ಪದರ, ಉಗುರು ಕುಗ್ಗಿದಾಗ ಎದ್ದು ಬರುತ್ತದೆ. ಹಳೆಯ ಪಾಲಿಶ್ ತೆಗೆದು, ನುಣುಪಾದ ಫೈಲ್‌ನಿಂದ ಒಂದೇ ದಿಕ್ಕಿಗೆ ಉಜ್ಜಿ ತುದಿಯನ್ನು ದುಂಡಗೆ ಮಾಡಿ. ಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಉಗುರಿನ ಮೈಯನ್ನು ಹೊಳಪಿಗಾಗಿ ಜಾಸ್ತಿ ಉಜ್ಜಬೇಡಿ. ಇಡೀ ಉಗುರಿನ ದಪ್ಪವೇ ಅರ್ಧ ಮಿಲಿಮೀಟರ್ ಆಸುಪಾಸು. ಸುತ್ತಲ ಚರ್ಮಕ್ಕೆ ವ್ಯಾಸಲೀನ್ ಸವರಿ, ಉಗುರನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ಆಮೇಲೆ ತೆಳುವಾಗಿ ಒಂದೇ ಪದರ, ತುದಿಯ ಅಂಚಿಗೂ ತಾಗುವಂತೆ. ಕಿಟಕಿ ತೆರೆದಿರಲಿ. ಉರಿ ಅಥವಾ ನೋವು ಎಂದರೆ ಕೂಡಲೇ ತೆಗೆಯಿರಿ, ಮತ್ತೆ ಅದನ್ನು ಅವರಿಗೆ ಹಚ್ಚಬೇಡಿ. ಮನೆಯಲ್ಲಿ ರಾತ್ರಿ ಉಗುರಿನ ಬುಡಕ್ಕೆ, ಅಂಚಿನ ಅಡಿಗೆ ಕೊಬ್ಬರಿ ಎಣ್ಣೆ ತಿಕ್ಕಲು ಹೇಳಿ. ಕೊಂಡಿ ಹಾಕುವ ಜಾತಿಯ ಬಾಟಲಿಯಾದರೆ ಕೆಲವೇ ವಾರ, ಬಿಗಿ ಬಂದ ಕೂಡಲೇ ನಿಲ್ಲಿಸಬೇಕು.

ಕೆಲವು ಉಗುರಿಗೆ ಏನನ್ನೂ ಹಚ್ಚಬಾರದು. ಹಳದಿಯಾಗಿ ದಪ್ಪಗಾದದ್ದು, ಬುಡ ಬಿಟ್ಟು ಎದ್ದದ್ದು, ಗುಳಿ ಗುಳಿ ಬಿದ್ದದ್ದು, ಹೊಸದಾಗಿ ಕಪ್ಪು ಗೆರೆ ಕಂಡದ್ದು ಚರ್ಮದ ಡಾಕ್ಟರ್ ಬಳಿ ಹೋಗಬೇಕು. ಉಗುರು ಚಮಚದಂತೆ ಒಳಗೆ ತಗ್ಗಾಗಿದ್ದರೆ ಹಿಮೋಗ್ಲೋಬಿನ್ ನೋಡಿಸಲು ಹೇಳಿ. ಕಬ್ಬಿಣದ ಕೊರತೆಯಲ್ಲಿ ಹೀಗಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಷ್ಟು ಮಂದಿಯ ಕೈಬೆರಳನ್ನು ಬೆಳಕಿನಲ್ಲಿ ಹತ್ತಿರದಿಂದ ನೋಡುವ ಅವಕಾಶ ಡಾಕ್ಟರಿಗಿಂತ ಪಾರ್ಲರ್‌ನವರಿಗೇ ಜಾಸ್ತಿ. ಉಗುರು, ಕೂದಲಿಗೆಂದು ನುಂಗುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆಯನ್ನು ಮಾತ್ರ ಕೌಂಟರ್ ಮೇಲಿಟ್ಟು ಸುಮ್ನೆ ಮಾರಬೇಡಿ. ಅದು ಥೈರಾಯ್ಡ್ ಮತ್ತು ಹೃದಯದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪು ಮಾಡಬಲ್ಲದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ.

ಇನ್ನು ದರ. ಧಾರವಾಡದ ಸಪ್ತಾಪುರದಲ್ಲಿ ಪಾರ್ಲರ್ ನಡೆಸುವ ನಮ್ಮ ಚಿಕ್ಕಮ್ಮನ ಮಗಳು ಕೇಳಿದ್ದೇ ಇದನ್ನು: "ಬಾಟ್ಲಿ ತುಟ್ಟಿ ಐತಿ, ಎಷ್ಟು ತಗೊಳ್ಲಿ?" ಲೆಕ್ಕ ಬಾಟಲಿಯಿಂದ ಶುರುವಾಗಬಾರದು ಎಂದು ನಾನು ಹೇಳಿದೆ. ಒಂದು ಉದಾಹರಣೆ ಹಾಕೋಣ. ಬಾಡಿಗೆ, ಕರೆಂಟ್, ಸಹಾಯಕಿಯ ಸಂಬಳ, ತನ್ನ ದುಡಿಮೆ ಸೇರಿ ತಿಂಗಳಿಗೆ ₹60,000 ಬರಬೇಕು, ದುಡ್ಡು ಬರುವ ಕೆಲಸ 150 ಗಂಟೆ ಎಂದುಕೊಳ್ಳಿ. ಗಂಟೆಗೆ ₹400 ಆಯಿತು. ಮೊದಲ ಸಲ ನೋಡಿ, ಕೇಳಿ, ಸರಿಮಾಡಿ, ಹಚ್ಚಿ ಒಣಗಿಸಲು 45 ನಿಮಿಷ, ಅಂದರೆ ₹300. 15 ಮಿಲಿಲೀಟರ್ ಬಾಟಲಿಗೆ ₹900, ಒಬ್ಬರಿಗೆ ಅರ್ಧ ಮಿಲಿಲೀಟರ್, ಕೊನೆಯ ಮೂರನೇ ಒಂದು ಪಾಲು ಬಾಟಲಿಯಲ್ಲೇ ದಪ್ಪಗಾಗಿ ಹಾಳು ಎಂದರೆ 20 ಜನರಿಗೆ ಸಾಕು, ಒಬ್ಬರಿಗೆ ₹45. ಹತ್ತಿ, ಫೈಲ್, ಗ್ಲೌಸ್‌ಗೆ ₹20. ಒಟ್ಟು ₹365. ಬಾಟಲಿಯ ಬೆಲೆ ಎರಡು ಪಟ್ಟಾದರೂ ದರ ₹45 ಮಾತ್ರ ಏರುತ್ತದೆ. ನೂರು ರೂಪಾಯಿಗೆ ಮಾಡಿಕೊಡುತ್ತೇವೆ ಎನ್ನುವವರು ಉಳಿಸುವುದು ಬಾಟಲಿಯಲ್ಲಲ್ಲ, ನೋಡುವ ಮತ್ತು ಒಣಗಿಸುವ ಸಮಯದಲ್ಲಿ.

ಮುಂದಿನ ವಾರಗಳಲ್ಲಿ 20 ನಿಮಿಷ ಸಾಕು, ಅದೇ ಲೆಕ್ಕದಲ್ಲಿ ಬಾಟಲಿ, ಸಾಮಾನು ಸೇರಿ ಸುಮಾರು ₹200. ನಾಲ್ಕು ವಾರದ ಪ್ಯಾಕೇಜ್ ಸಾವಿರದೊಳಗೆ ಮುಗಿಯುತ್ತದೆ. ಹನ್ನೆರಡು ಸಿಟ್ಟಿಂಗ್‌ನ ಪ್ಯಾಕೇಜ್ ಬರೆಯಬೇಡ ಎಂದು ಅವಳಿಗೆ ಒತ್ತಿ ಹೇಳಿದೆ. ಕೆಲವು ವಾರಕ್ಕೆ ನಿಲ್ಲಿಸಬೇಕಾದ ಔಷಧಿಯನ್ನು ಮೂರು ತಿಂಗಳಿಗೆ ಮೊದಲೇ ಮಾರಿಬಿಟ್ಟರೆ, ನಿಲ್ಲಿಸುವ ಮನಸ್ಸು ಯಾರಿಗೆ ಬರುತ್ತದೆ?

ಒಂದೇ ಸಲಕ್ಕೆ ಉಗುರು ಬದಲಾಗುತ್ತದೆ ಎಂಬ ಮಾತನ್ನೂ ಕೊಡಬಾರದು. ವಿಲಿಯಂ ಬೀನ್ ಎಂಬ ಅಮೆರಿಕದ ವೈದ್ಯ ತನ್ನ ಹೆಬ್ಬೆರಳ ಉಗುರಿನ ಬುಡದಲ್ಲಿ ಗೆರೆ ಕೊರೆದು, ಅದು ತುದಿ ಮುಟ್ಟುವುದನ್ನು 35 ವರ್ಷ ಲೆಕ್ಕ ಇಟ್ಟ. 32ನೇ ವಯಸ್ಸಿನಲ್ಲಿ ಅವನ ಉಗುರು ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿತ್ತು, 67ನೇ ವಯಸ್ಸಿಗೆ ಅದು 0.095ಕ್ಕೆ ಇಳಿದಿತ್ತು. ಸಾಮಾನ್ಯವಾಗಿ ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಹೊಸದಾಗಲು ಆರು ತಿಂಗಳಷ್ಟು ಬೇಕು. ಕಾಲಿನದ್ದಕ್ಕೆ ಒಂದು ವರ್ಷ, ಒಂದೂವರೆ ವರ್ಷ. ಹಾಗಾಗಿ ತಿಂಗಳಿಗೊಮ್ಮೆ ಕರೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು, ಬುಡದಿಂದ ಬರುತ್ತಿರುವ ಹೊಸ ಭಾಗವನ್ನು ತುದಿಯ ಹಳೆಯ ಭಾಗದ ಜೊತೆ ಹೋಲಿಸಿ ತೋರಿಸಬೇಕು. ಆ ಭೇಟಿಯಲ್ಲಿ ಬಾಟಲಿ ತೆರೆಯುವುದೇ ಇಲ್ಲ. ಫೈಲ್ ಮಾಡಿ, ಎಣ್ಣೆ ತಿಕ್ಕಿ ಕಳಿಸುವುದು. ಅದಕ್ಕೂ ದರವಿದೆ: 20 ನಿಮಿಷಕ್ಕೆ ₹133, ಸಾಮಾನಿಗೆ ₹20, ಎರಡೂ ಸೇರಿ ₹150ರ ಸುತ್ತ. ದರಪಟ್ಟಿಯಲ್ಲಿ ಅದಕ್ಕೆ ಬೇರೆಯದೇ ಸಾಲು ಬರೆಯಲು ಹೇಳಿದ್ದೇನೆ.